ನಾಳೆಯ ಹೆದ್ದಾರಿ: ಬಿ.ಸಿ.ರೋಡಿನಲ್ಲಿ ನಿಂತು ಒಂದು ಊಹೆ

ಊರುಗಳಿಗೆ ಹೆಸರು ಬರುವ ಬಗೆ ಹಲವು. ಕೆರೆಯಿಂದ ಹೆಸರು ಬಂದ ಊರುಗಳುಂಟು. ಗುಡ್ಡದಿಂದ, ಮರದಿಂದ, ದೇವರಿಂದ, ಆಳಿದ ಅರಸನಿಂದ ಬಂದವೂ ಉಂಟು. ಆದರೆ ರಸ್ತೆಯಿಂದಲೇ ಹೆಸರು ಪಡೆದು, ಆ ಹೆಸರನ್ನೂ ಇಂಗ್ಲಿಷಿನ ಎರಡು ಅಕ್ಷರಗಳಲ್ಲಿ ಅಡಗಿಸಿಕೊಂಡ ಊರೊಂದು ದಕ್ಷಿಣ ಕನ್ನಡ ಜಿಲ್ಲೆಯಲ್ಲಿದೆ. ಅದೇ ಬಿ.ಸಿ.ರೋಡ್. ಬಿಡಿಸಿ ಹೇಳಿದರೆ ಬಂಟ್ವಾಳ ಕ್ರಾಸ್ ರೋಡ್, ಎಂದರೆ ಬಂಟ್ವಾಳಕ್ಕೆ ದಾರಿ ಒಡೆಯುವ ಕೂಡುಮಾರ್ಗ. ಮಂಗಳೂರಿನಿಂದ ಪೂರ್ವಕ್ಕೆ ಸುಮಾರು 25 ಕಿಲೋಮೀಟರು ಬಂದರೆ ಬಸ್ಸಿನ ನಿರ್ವಾಹಕ ಈ ಹೆಸರನ್ನು ಕೂಗುತ್ತಾನೆ. ಅರ್ಧ ಬಸ್ಸು ಬರಿದಾಗುತ್ತದೆ, ಮತ್ತೆ ತುಂಬುತ್ತದೆ.

ಹೆಸರಿನಲ್ಲಿ ಚರಿತ್ರೆಯೂ ಇದೆ. ಮೊದಲಿದ್ದ ಪೇಟೆ ಬಂಟ್ವಾಳ. ಪಂಜೆ ಮಂಗೇಶರಾಯರು 1874ರಲ್ಲಿ ಹುಟ್ಟಿದ ಆ ಊರು ನೇತ್ರಾವತಿಯ ದಡದಲ್ಲಿದೆ. ಘಟ್ಟದ ಮೇಲಿನ ಸರಕು ಎತ್ತಿನ ಗಾಡಿಗಳಲ್ಲಿ ಇಳಿದು ಅಲ್ಲಿಗೆ ಬರುತ್ತಿತ್ತು; ಅಲ್ಲಿಂದ ದೋಣಿಯಲ್ಲಿ ಮಂಗಳೂರಿಗೆ ಹೋಗುತ್ತಿತ್ತು. ಆಗ ಹೊಳೆಯೇ ಹೆದ್ದಾರಿ, ದಕ್ಕೆಯೇ ಬಸ್ ನಿಲ್ದಾಣ. 1914ರಲ್ಲಿ ಕೆನರಾ ಪಬ್ಲಿಕ್ ಕನ್‌ವೇಯನ್ಸ್ ಕಂಪೆನಿಯು ಜಿಲ್ಲೆಯಲ್ಲಿ ಮೋಟಾರು ಬಸ್ಸುಗಳನ್ನು ಓಡಿಸತೊಡಗಿತು. ಪಾಣೆಮಂಗಳೂರಿನಲ್ಲಿ ನದಿಗೆ ಸೇತುವೆಯಾಯಿತು. ವ್ಯಾಪಾರ ನೀರಿನಿಂದ ನೆಲಕ್ಕೆ ಹತ್ತಿತು. ದೋಣಿ ಕಟ್ಟುತ್ತಿದ್ದ ದಡಕ್ಕಿಂತ ಬಸ್ಸು ನಿಲ್ಲುವ ಕೂಡುರಸ್ತೆ ದೊಡ್ಡದಾಯಿತು. ಇಂದು ತಾಲ್ಲೂಕಿನ ಕಚೇರಿ, ಬಸ್ ನಿಲ್ದಾಣ ಎಲ್ಲವೂ ಬಿ.ಸಿ.ರೋಡಿನಲ್ಲಿವೆ; ರೈಲು ನಿಲ್ದಾಣವೂ ಅದರ ಮಗ್ಗುಲಲ್ಲೇ ಇದೆ. ಬಂಟ್ವಾಳದ ಹಳೆಯ ಪೇಟೆ ತನ್ನ ಹೆಂಚಿನ ಮಾಡುಗಳೊಡನೆ ಒಂದು ಬದಿಗೆ ಸುಮ್ಮನೆ ಕುಳಿತಿದೆ.

ದಾರಿ ಬದಲಾದಾಗ ಊರಿನ ಹಣೆಬರಹವೂ ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕೆ? ಈ ಮಾತು ಈಗ ಬಿ.ಸಿ.ರೋಡಿಗೂ ಅನ್ವಯಿಸುತ್ತದೆ. ಮಂಗಳೂರಿನಿಂದ ಬೆಂಗಳೂರಿಗೆ ಹೋಗುವ 75ನೆಯ ರಾಷ್ಟ್ರೀಯ ಹೆದ್ದಾರಿ ಈ ಊರಿನ ನಡುವೆ ಹಾದಿದೆ. ಬೆಳ್ತಂಗಡಿ, ಚಾರ್ಮಾಡಿಯ ಕಡೆಗೆ ಹೋಗುವ 73ನೆಯ ಹೆದ್ದಾರಿ ಇಲ್ಲಿಯೇ ಕವಲೊಡೆಯುತ್ತದೆ. ಹಳೆಯ ರಸ್ತೆ ನಾಲ್ಕು ಸಾಲಿನದಾಯಿತು, ಊರಿನ ನಡುವೆ ಮೇಲ್ಸೇತುವೆ ಎದ್ದಿತು. ಮುಂದೆ ಕೆಲವೇ ಮೈಲಿ ದೂರದ ಕಲ್ಲಡ್ಕದಲ್ಲಿ ಎರಡು ಕಿಲೋಮೀಟರಿಗೂ ಮಿಕ್ಕಿದ ಮೇಲ್ಸೇತುವೆ 2025ರಲ್ಲಿ ಸಂಚಾರಕ್ಕೆ ತೆರೆಯಿತು. ದೂರದ ಪ್ರಯಾಣಿಕನಿಗೆ ಇದು ಒಳ್ಳೆಯದೇ. ಆದರೆ ರಸ್ತೆಯಿಂದ ಹುಟ್ಟಿದ ಊರಿನ ತಲೆಯ ಮೇಲಿಂದಲೇ ರಸ್ತೆ ಹಾರಿಹೋದರೆ ಊರಿಗೆ ಉಳಿಯುವುದೇನು? ಬರಿಯ ಕಂಬಗಳೂ ನೆರಳೂ ಮಾತ್ರವೆ? ಅಥವಾ ಆ ಕಂಬಗಳನ್ನೂ ನೆರಳನ್ನೂ ಊರಿನ ಬಾಳಿಗೆ ಒದಗಿಸಿಕೊಳ್ಳುವ ಉಪಾಯ ಉಂಟೆ?

ಉಂಟೆಂದು ಹೇಳುವ ವಾಸ್ತುಶಿಲ್ಪಿಗಳು ಜಗತ್ತಿನ ಹಲವು ಕಡೆ ಇದ್ದಾರೆ. ಅವರ ವಾದ ಸರಳವಾದದ್ದು. ಹೆದ್ದಾರಿ ಎಂಬುದು ಬರಿಯ ವಾಹನ ಓಡುವ ಪಟ್ಟಿಯಲ್ಲ. ಊರಿಗೆ ಬೇಕಾದ ನೀರು, ಬೆಳಕು, ನೆರಳು, ಸಂತೆ, ನಡೆದಾಡುವ ಜಾಗ ಇವೆಲ್ಲವನ್ನೂ ಹೊರಬಲ್ಲ ದೊಡ್ಡ ಕಟ್ಟಡ. ಉದ್ದವಾಗಿ ಮಲಗಿರುವುದರಿಂದ ಅದು ಕಟ್ಟಡವೆಂದು ನಮಗೆ ತೋರುವುದಿಲ್ಲ, ಅಷ್ಟೆ.

ಈ ವಿಚಾರ ಹೊಸದೆಂದು ನೀವು ಭಾವಿಸಬೇಕಾಗಿಲ್ಲ. ದಾರಿಯ ಬದಿಯಲ್ಲಿ ಆಲದ ಮರ ನೆಡಿಸಿ, ಬಾವಿ ತೋಡಿಸಿದುದನ್ನು ಅಶೋಕನು ತನ್ನ ಸ್ತಂಭಶಾಸನದಲ್ಲಿ ಹೇಳಿಕೊಂಡಿದ್ದಾನೆ. ನಮ್ಮ ನಾಡಿನ ಹಳೆಯ ದಾರಿಗಳಲ್ಲಿ ಸಾಲುಮರ ಇತ್ತು, ಅರವಟ್ಟಿಗೆ ಇತ್ತು, ಕಟ್ಟೆ ಇತ್ತು, ಛತ್ರ ಇತ್ತು. ತಲೆಹೊರೆಯವನು ಯಾರ ನೆರವೂ ಇಲ್ಲದೆ ಹೊರೆಯನ್ನು ಇಳಿಸಿ, ಮತ್ತೆ ಏರಿಸಿಕೊಳ್ಳಲೆಂದು ಆಳೆತ್ತರದ ಹೊರೆಗಲ್ಲೂ ಇತ್ತು. ಹುಲಿಕಲ್ಲಿನಿಂದ ಕುದೂರಿನವರೆಗಿನ ರಸ್ತೆಯಲ್ಲಿ ಸಾಲುಮರದ ತಿಮ್ಮಕ್ಕ ಬೆಳೆಸಿದ ಆಲದ ಮರಗಳ ಸಾಲನ್ನು ನೀವು ನೋಡಿರಬಹುದು. ರಸ್ತೆ ಎಂದರೆ ನಡೆಸುವುದು ಮಾತ್ರವಲ್ಲ, ನಿಲ್ಲಿಸಿ ಉಪಚರಿಸುವುದೂ ಹೌದು ಎಂದು ಹಿರಿಯರು ತಿಳಿದಿದ್ದರು. ನಾವು ರಸ್ತೆಯಿಂದ ವೇಗವೊಂದನ್ನೇ ಕೇಳಿದೆವು. ಅದು ವೇಗವೊಂದನ್ನೇ ಕೊಟ್ಟಿತು.

ಆ ವೇಗಕ್ಕಾದರೂ ನಾವು ಎಷ್ಟು ಜಾಗ ತೆರುತ್ತಿದ್ದೇವೆ ಎಂಬುದನ್ನು ಸ್ವಲ್ಪ ಲೆಕ್ಕ ಹಾಕೋಣ. ಹೆದ್ದಾರಿಯ ಒಂದು ಸಾಲಿನ ಅಗಲ ಮೂರೂವರೆ ಮೀಟರು. ಊರಿನೊಳಗೆ ಅಷ್ಟು ಅಗಲದಲ್ಲಿ ಒಂದು ಗಂಟೆಗೆ ಕಾರುಗಳಲ್ಲಿ ಹಾದುಹೋಗಬಲ್ಲವರು ಹೆಚ್ಚೆಂದರೆ ಒಂದೂವರೆ ಸಾವಿರ ಜನ. ಅದೇ ಅಗಲದ ಕಾಲುದಾರಿಯಲ್ಲಿ ಎಂಟು ಸಾವಿರ ಜನ ಆರಾಮವಾಗಿ ನಡೆದು ಹೋಗಬಲ್ಲರು. ಆದರೂ ನಕ್ಷೆ ಬರೆಯುವಾಗ ಮೊದಲ ಪಾಲು ಕಾರಿಗೆ. ಕಾಲಿಗೆ ಮಿಕ್ಕ ಚೂರು. ಶಾಲೆಯ ಮಕ್ಕಳೂ ಮೀನಿನ ಬುಟ್ಟಿ ಹೊತ್ತ ಹೆಂಗಸರೂ ಕಚೇರಿಗೆ ಅರ್ಜಿ ಹಿಡಿದು ಬಂದ ಮುದುಕರೂ ರಸ್ತೆಯ ಈ ಬದಿಯಿಂದ ಆ ಬದಿಗೆ ದಾಟಲು ಕಾಯುತ್ತ ನಿಂತ ನೋಟ ಹೆದ್ದಾರಿಯ ಮೇಲಿನ ಯಾವ ಪೇಟೆಯಲ್ಲಿಯೂ ಅಪರೂಪವಲ್ಲ.

ಹೆದ್ದಾರಿಯನ್ನೇ ಊರಾಗಿ ಕಲ್ಪಿಸಿದವರಲ್ಲಿ ಮೊದಲಿಗನೆನ್ನಬಹುದಾದವನು ಸ್ಪೇನ್ ದೇಶದ ಆರ್ತುರೋ ಸೋರಿಯಾ. 1882ರಲ್ಲಿ ಆತ ಗೆರೆಯಂಥ ನಗರವೊಂದನ್ನು ಸೂಚಿಸಿದ. ನಡುವೆ ಟ್ರಾಮು ಓಡುವ ಅಗಲವಾದ ಬೀದಿ, ಅದರ ಅಡಿಯಲ್ಲಿ ನೀರಿನ ಕೊಳವೆ, ಬದಿಗಳಲ್ಲಿ ಮನೆ, ಮನೆಗಳ ಹಿಂದೆಯೇ ಹೊಲ. ಮ್ಯಾಡ್ರಿಡ್ಡಿನ ಅಂಚಿನಲ್ಲಿ ಅದರ ಒಂದು ತುಂಡನ್ನು ಕಟ್ಟಿಯೂ ಆಯಿತು. 1910ರಲ್ಲಿ ಅಮೆರಿಕದ ಎಡ್ಗರ್ ಚಾಂಬ್ಲೆಸ್ ಎಂಬಾತ ಮುಗಿಯದ ಸಾಲುಮನೆಯ ಚಿತ್ರ ಬರೆದ: ನೆಲದಡಿಯಲ್ಲಿ ರೈಲು, ಅದರ ಮೇಲೆ ಮನೆಗಳು, ಮನೆಗಳ ತಾರಸಿಯ ಮೇಲೆ ಅಡ್ಡಾಡುವ ದಾರಿ. ಇವೆಲ್ಲಕ್ಕಿಂತ ಸಾಹಸದ ಕಲ್ಪನೆ ಮುಂದೆ ಚಂಡೀಗಢವನ್ನು ಯೋಜಿಸಿದ ಲ ಕಾರ್ಬೂಸಿಯೇ ಅವರದು. 1930ರ ದಶಕದ ಮೊದಲಲ್ಲಿ ಆತ ಆಲ್ಜಿಯರ್ಸ್ ನಗರಕ್ಕಾಗಿ ಬರೆದ ನಕ್ಷೆಯಲ್ಲಿ ಕಡಲ ದಂಡೆಯ ಉದ್ದಕ್ಕೂ ಹಾವಿನಂತೆ ಹೊರಳುವ ಎತ್ತರದ ಹೆದ್ದಾರಿ ಇತ್ತು. ಆ ಹೆದ್ದಾರಿಯ ಹೊಟ್ಟೆಯಲ್ಲಿ 1,80,000 ಜನರಿಗೆ ಮನೆಗಳು!

ಆ ಹೆದ್ದಾರಿಯನ್ನು ಯಾರೂ ಕಟ್ಟಲಿಲ್ಲ. ಕಟ್ಟದೆ ಇದ್ದುದೇ ಒಳ್ಳೆಯದಾಯಿತು ಎನ್ನಬೇಕು. ತಲೆಯ ಮೇಲೆ ಹಗಲಿರುಳು ವಾಹನ ಗುಡುಗುವ ಮನೆಯಲ್ಲಿ ಮಗುವನ್ನು ಮಲಗಿಸುವುದು ಹೇಗೆ? ಹೊಗೆಯನ್ನು ತಡೆಯುವುದು ಹೇಗೆ? ಅಲ್ಲದೆ, ಅಲ್ಲಿಯ ಹಳೆಯ ಪೇಟೆಯ ಜನರನ್ನು ಯಾರೂ ಕೇಳಿರಲಿಲ್ಲ. ನಕ್ಷೆ ಆಕಾಶದಿಂದ ಇಳಿದಂತೆ ಬಂದಿತ್ತು. ಕನಸು ಸುಂದರವಾಗಿದ್ದ ಮಾತ್ರಕ್ಕೆ ಅದು ಬಾಳಲು ಯೋಗ್ಯವಾಗಬೇಕೆಂದಿಲ್ಲ.

ಕನಸಿನ ಹಂತ ದಾಟಿ ಕಟ್ಟಿ ನೋಡಿದ ಪ್ರಯೋಗಗಳಿಂದ ನಮಗೆ ಹೆಚ್ಚಿನ ಪಾಠ ದೊರೆಯುತ್ತದೆ. ಜಪಾನಿನ ಟೋಕಿಯೋ ನಗರದ ಗಿಂಜಾ ಪೇಟೆಯಲ್ಲಿ ಸುಮಾರು 2 ಕಿಲೋಮೀಟರಿನ ಎತ್ತರದ ರಸ್ತೆಯೊಂದನ್ನು ಕಟ್ಟಿದರು. ಮೊದಲ ಭಾಗ 1959ರಲ್ಲಿ ತೆರೆಯಿತು, ಎಲ್ಲವೂ ಮುಗಿದುದು 1966ರಲ್ಲಿ. ಆ ರಸ್ತೆಗೆ ಸುಂಕವಿರಲಿಲ್ಲ. ಹಾಗಾದರೆ ಖರ್ಚು ಎಲ್ಲಿಂದ ಬಂತು? ರಸ್ತೆಯ ಕೆಳಗಿನ ಅಂಗಡಿಗಳ ಬಾಡಿಗೆಯಿಂದ! ಸೇತುವೆಯ ಕಂಬಗಳ ನಡುವೆ ಕೊಳೆಯುವ ಕತ್ತಲೆಯ ಬದಲು ಬೆಳಕಿನ ಮಳಿಗೆಗಳಿದ್ದವು. 2025ರ ಏಪ್ರಿಲಿನಲ್ಲಿ ಆ ರಸ್ತೆಯಲ್ಲಿ ಕಾರುಗಳ ಓಡಾಟ ನಿಂತಿತು. ಮೇಲಣ ದಾರಿಯನ್ನು ನಡೆದಾಡುವವರ ತೋಟವಾಗಿ ಮಾರ್ಪಡಿಸುವ ಯೋಜನೆ ಕೈಗೊಂಡಿದ್ದಾರೆ.

ಮಲೇಷಿಯದ ಕ್ವಾಲಾಲಂಪುರದ್ದು ನಮ್ಮ ಕರಾವಳಿಯಂತೆಯೇ ಮಳೆಯ ಊರು. ಅಲ್ಲಿ 2007ರಲ್ಲಿ ತೆರೆದ ಸುರಂಗವೊಂದು ಎರಡು ಕೆಲಸ ಮಾಡುತ್ತದೆ. ಸುರಂಗದ ಉದ್ದ 9.7 ಕಿಲೋಮೀಟರು, ಅದರ ನಡುವಿನ ಒಂದು ಭಾಗದಲ್ಲಿ ಸಾಮಾನ್ಯ ದಿನಗಳಲ್ಲಿ ವಾಹನಗಳು ಓಡುತ್ತವೆ. ಭಾರಿ ಮಳೆ ಬಂದು ನಗರಕ್ಕೆ ನೆರೆಯ ಭಯ ಉಂಟಾದಾಗ ವಾಹನಗಳನ್ನೆಲ್ಲ ಹೊರಗೆ ಕಳುಹಿಸಿ, ಬಾಗಿಲು ತೆರೆದು, ಅದೇ ಸುರಂಗದಲ್ಲಿ ನೀರು ಬಿಡುತ್ತಾರೆ. ಮಳೆ ನಿಂತ ಮೇಲೆ ತೊಳೆದು ಮತ್ತೆ ರಸ್ತೆಯಾಗಿಸುತ್ತಾರೆ.

ಕೊರಿಯದ ಸೋಲ್ ನಗರದಲ್ಲಿ ನಡೆದುದು ಬೇರೆ. ಚಂಗ್ಯೇಚನ್ ಎಂಬ ತೋಡನ್ನು ಮುಚ್ಚಿ ಅದರ ಮೇಲೆ ಎತ್ತರದ ಹೆದ್ದಾರಿ ಕಟ್ಟಿದ್ದರು. 2003ರಲ್ಲಿ ಅದನ್ನು ಒಡೆಯಲು ತೊಡಗಿ, 2005ರಲ್ಲಿ 5.8 ಕಿಲೋಮೀಟರು ಉದ್ದಕ್ಕೆ ಮತ್ತೆ ನೀರು ಹರಿಸಿದರು. ಊರು ತಂಪಾಯಿತು, ಜನ ದಡದಲ್ಲಿ ಕುಳಿತರು. ಆದರೆ ಆ ಹೆದ್ದಾರಿಯ ಅಡಿಯಲ್ಲಿ ಬದುಕಿದ್ದ ಬೀದಿ ವ್ಯಾಪಾರಿಗಳು ನೆಲೆ ತಪ್ಪಿ ಬೇರೆಡೆಗೆ ಹೋಗಬೇಕಾಯಿತು. ಹಳ್ಳವನ್ನು ನೋಡಿ ಸಂತೋಷಪಡುವಾಗ ಆ ಮಾತನ್ನೂ ಮರೆಯಬಾರದು.

ಇಷ್ಟು ತಿಳಿದುಕೊಂಡು ನೀವು ನನ್ನೊಡನೆ ಬಿ.ಸಿ.ರೋಡಿಗೆ ಬನ್ನಿ. ಮುಂದೆ ಹೇಳುವುದು ಯಾವ ಇಲಾಖೆಯ ಯೋಜನೆಯೂ ಅಲ್ಲ. ಕಾಗದದ ಮೇಲಿನ ಊಹೆ. ಆದರೆ ಊಹೆಗೂ ಲೆಕ್ಕದ ಆಧಾರ ಇರಬೇಕು.

ಮೊದಲು ಮಳೆ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಮೂರೂವರೆ ಮೀಟರಿಗೆ ಕಡಮೆಯಿಲ್ಲದ ಮಳೆ ಬೀಳುತ್ತದೆ. ಹೆದ್ದಾರಿಯ ಅಗಲ 30 ಮೀಟರು ಎಂದಿಟ್ಟುಕೊಳ್ಳಿ. ಒಂದು ಕಿಲೋಮೀಟರು ಉದ್ದದ ರಸ್ತೆಯ ಮೇಲೆ ವರ್ಷಕ್ಕೆ ಬೀಳುವ ನೀರು ಹತ್ತೂವರೆ ಕೋಟಿ ಲೀಟರು. ಹತ್ತು ಸಾವಿರ ಲೀಟರಿನ ಟ್ಯಾಂಕರುಗಳಲ್ಲಿ ತುಂಬಿದರೆ 10,500 ಟ್ಯಾಂಕರು! ಈಗ ಈ ನೀರು ಏನಾಗುತ್ತದೆ? ಅರ್ಧ ಗಂಟೆ ರಸ್ತೆಯಲ್ಲಿ ನಿಂತು ನಮ್ಮ ಬಟ್ಟೆಗೆ ಸಿಡಿಯುತ್ತದೆ. ಅನಂತರ ಚರಂಡಿ ಸೇರಿ ಹೊಳೆಗೆ, ಹೊಳೆಯಿಂದ ಕಡಲಿಗೆ ಹೋಗುತ್ತದೆ. ಏಪ್ರಿಲು ಮೇ ತಿಂಗಳಲ್ಲಿ ಅದೇ ಊರಿನ ಬಾವಿಗಳ ತಳ ಕಾಣುತ್ತದೆ. ರಸ್ತೆಯ ನೀರಿನಲ್ಲಿ ಎಣ್ಣೆ, ಟಯರಿನ ಪುಡಿ ಬೆರೆತಿರುವುದರಿಂದ ಅದನ್ನು ನೇರವಾಗಿ ಕುಡಿಯಲು ಬಳಸಲಾಗದು, ಬಾವಿಗೂ ಬಿಡಲಾಗದು. ಆದರೆ ಕೆಸರು ತಂಗುವ ಹೊಂಡ, ಎಣ್ಣೆ ತಡೆಯುವ ತೊಟ್ಟಿ, ಮರಳು, ಜಲ್ಲಿಯ ಪದರ ಇವುಗಳ ಮೂಲಕ ಹಾಯಿಸಿ ತಿಳಿಯಾದುದನ್ನು ನೆಲಕ್ಕೆ ಇಂಗಿಸಬಹುದು. ಹೆದ್ದಾರಿಗೆ ಮಾಡು ಕಟ್ಟಿದರಂತೂ ಮಾಡಿನ ನೀರು ಇನ್ನೂ ಶುದ್ಧ. ನಮ್ಮ ಮನೆಯ ಮಾಡಿನಿಂದ ಇಳಿಯುವ ನೀರಿಗೆ ದೋಣಿ ಕಟ್ಟಿ ಹಂಡೆಗೆ ಹಿಡಿದವರು ನಾವೇ ಅಲ್ಲವೆ?

ಎರಡನೆಯದು ಬಿಸಿಲು. ಆ ಮಾಡು ಹೆದ್ದಾರಿಯ ಅರ್ಧ ಅಗಲವನ್ನಷ್ಟೆ ಮುಚ್ಚಿದರೂ ಕಿಲೋಮೀಟರಿಗೆ 15,000 ಚದರ ಮೀಟರು ಆಯಿತು. ಅದರ ಮೇಲೆ ಸೌರ ಫಲಕ ಹಾಸಿದರೆ ಸುಮಾರು 1,500 ಕಿಲೋವಾಟು ಕೂರುತ್ತದೆ. ಮಳೆಗಾಲದ ಮೋಡವನ್ನು ಕಳೆದರೂ ವರ್ಷದ ಸರಾಸರಿಯಲ್ಲಿ ದಿನಕ್ಕೆ 5,000 ಯೂನಿಟ್ಟಿನಷ್ಟು ವಿದ್ಯುತ್ತು ದೊರೆಯಬಹುದು. ಸಾಧಾರಣವಾದ ಸಾವಿರ ಮನೆಗಳ ದೀಪ, ಪಂಖ, ರೇಡಿಯೋ ಎಲ್ಲಕ್ಕೂ ಅದು ಸಾಕು. ಕೊರಿಯದಲ್ಲಿ ಹೆದ್ದಾರಿಯ ನಡುವಿನ ಸೈಕಲ್ ದಾರಿಗೆ ಇಂಥ ಮಾಡನ್ನು ಹೊದಿಸಿ ನೋಡಿದ್ದಾರೆ. ಸೈಕಲ್ಲಿನವನಿಗೆ ನೆರಳು, ಊರಿಗೆ ಬೆಳಕು.

ಮೂರನೆಯದು ಮೇಲ್ಸೇತುವೆಯ ಕೆಳಗಿನ ಜಾಗ. ಹೆದ್ದಾರಿಯ ಮೇಲ್ಸೇತುವೆಯ ಅಡಿಯಲ್ಲಿ ವಾಹನ ದಾಟಲು ಐದೂವರೆ ಮೀಟರು ಎತ್ತರ ಬಿಡುವುದು ವಾಡಿಕೆ. ಅಷ್ಟೆಂದರೆ ನಮ್ಮ ದೊಡ್ಡ ಚಾವಡಿಗಿಂತಲೂ ಎತ್ತರ. ಮಳೆ ನಾಲ್ಕು ತಿಂಗಳು ಸುರಿಯುವ ನಾಡಿನಲ್ಲಿ ಒದ್ದೆಯಾಗದ, ಬಿಸಿಲೂ ಬೀಳದ ನೆಲ ಊರಿನ ನಟ್ಟನಡುವೆ ಸಿಕ್ಕುವುದು ಸಣ್ಣ ಭಾಗ್ಯವಲ್ಲ. ಅಲ್ಲಿ ಮನೆ ಬೇಡ. ಹೊಗೆಯೂ ಸದ್ದೂ ಮನೆಗೆ ಸಲ್ಲವು. ಆದರೆ ಸಂತೆ ಆಗಬಹುದು. ತರಕಾರಿ, ಹೂವು, ವೀಳ್ಯದೆಲೆ ಮಾರುವವರಿಗೆ ಗುರುತು ಹಾಕಿದ ಕಟ್ಟೆಗಳಾಗಬಹುದು. ಬಸ್ಸಿಗೆ ಕಾಯುವವರಿಗೆ ಕಲ್ಲಿನ ಆಸನ, ಹೆಂಗಸರಿಗೆ ಶುಚಿಯಾದ ಶೌಚಗೃಹ, ಒಂದು ವಾಚನಾಲಯ, ಸಂಜೆ ಯಕ್ಷಗಾನದ ತಾಳಮದ್ದಳೆಗೆ ಒಂದು ಜಗಲಿ, ಇವೂ ಆಗಬಹುದು. ಟೋಕಿಯೋದವರಂತೆ ಬಾಡಿಗೆಯ ಹಣದಲ್ಲಿಯೇ ಗುಡಿಸಿ ತೊಳೆಯುವ ಏರ್ಪಾಡೂ ಆಗಬಹುದು. ಈ ಜಾಗವನ್ನು ನಾವು ಬಳಸದಿದ್ದರೆ ಅದು ಖಾಲಿ ಇರುವುದಿಲ್ಲ. ಕಸವೂ ಅಡ್ಡಾದಿಡ್ಡಿ ನಿಲ್ಲಿಸಿದ ವಾಹನಗಳೂ ಬಂದು ಸೇರುತ್ತವೆ.

ನಾಲ್ಕನೆಯದು ನೆಲದ ಅಡಿ. ಮಂಗಳೂರು ಕುಡಿಯುವ ನೀರು ಬರುವುದು ಬಿ.ಸಿ.ರೋಡಿಗೆ ಸಮೀಪದ ತುಂಬೆಯ ಅಣೆಕಟ್ಟಿನಿಂದ. ನೀರಿನ ಕೊಳವೆ, ಒಳಚರಂಡಿ, ವಿದ್ಯುತ್ ತಂತಿ, ದೂರವಾಣಿಯ ತಂತಿ ಒಂದೊಂದಕ್ಕೂ ಬೇರೆ ಬೇರೆಯಾಗಿ ರಸ್ತೆ ಅಗೆಯುವ ವೈಭವವನ್ನು ನೀವು ನಿಮ್ಮ ಊರಿನಲ್ಲೂ ಕಂಡಿರುವಿರಿ. ರಸ್ತೆ ಕಟ್ಟುವಾಗಲೇ ಮನುಷ್ಯ ಬಾಗಿ ನಡೆಯಬಹುದಾದ ಒಂದು ಕಾಂಕ್ರೀಟು ಕಾಲುವೆಯನ್ನು ಬದಿಯಲ್ಲಿ ಇಟ್ಟು, ಎಲ್ಲವನ್ನೂ ಅದರೊಳಗೆ ಸಾಗಿಸಿದರೆ ಮತ್ತೆ ಅಗೆಯುವ ಕೆಲಸವಿಲ್ಲ. ಮೊದಲು ಹಣ ಹೆಚ್ಚು, ಆಮೇಲೆ ಉಳಿತಾಯ.

ಐದನೆಯದು ನೆರೆ. 1923ರ ಮತ್ತು 1974ರ ನೆರೆಗಳ ಮಾತು ಬಂಟ್ವಾಳದ ಹಿರಿಯರ ಮನೆಗಳಲ್ಲಿ ಇನ್ನೂ ಅಳಿದಿಲ್ಲ. ಬಂಟ್ವಾಳದಲ್ಲಿ ನೇತ್ರಾವತಿಯ ಅಪಾಯದ ಮಟ್ಟ 8.5 ಮೀಟರು, ಬಿರುಮಳೆಯ ವರ್ಷಗಳಲ್ಲಿ ಎಲ್ಲರ ಕಣ್ಣೂ ಆ ಅಂಕೆಯ ಮೇಲೆ. ಹೊಳೆಯ ಬಯಲಿನಲ್ಲಿ ಮಣ್ಣು ತುಂಬಿ ಎತ್ತರಿಸಿದ ರಸ್ತೆ ಅಣೆಕಟ್ಟಿನಂತೆ ನೀರನ್ನು ತಡೆಯುತ್ತದೆ. ಒಂದು ಬದಿಯ ಮನೆಗಳು ಮುಳುಗುತ್ತವೆ. ಅದೇ ರಸ್ತೆ ಕಂಬಗಳ ಮೇಲೆ ನಿಂತರೆ ನೀರು ಅಡಿಯಲ್ಲಿ ಹಾದುಹೋಗುತ್ತದೆ. ಮೇಲಣ ದಾರಿ ದೋಣಿಗೂ ಆಂಬ್ಯುಲೆನ್ಸಿಗೂ ಆಸರೆಯಾಗುತ್ತದೆ. ಪಾಣೆಮಂಗಳೂರಿನಲ್ಲಿ ನೂರು ವರ್ಷ ದಾಟಿದ ಹಳೆಯ ಸೇತುವೆಯುಂಟು. ಇಂಥ ಮುದಿ ಸೇತುವೆಗಳಿಂದ ಭಾರ ಇಳಿಸಿ, ದುರಸ್ತು ಮಾಡಿ, ನಡೆಯುವವರಿಗೂ ಸೈಕಲ್ಲಿನವರಿಗೂ ಬಿಟ್ಟುಕೊಟ್ಟರೆ ಹೊಳೆಯ ಮೇಲೊಂದು ಉದ್ಯಾನವೇ ಆಗದೆ?

ಕಲ್ಲಡ್ಕದ ಚಹಾವನ್ನು ನೀವು ಕುಡಿದಿದ್ದರೆ ನನ್ನ ಮಾತು ಬೇಗ ಅರ್ಥವಾಗುತ್ತದೆ. ಗಾಜಿನ ಲೋಟದಲ್ಲಿ ಕೆಳಗೆ ಬಿಳಿಯ ಹಾಲು, ಮೇಲೆ ಕೆಂಪು ಕಷಾಯ, ಒಂದರೊಡನೊಂದು ಬೆರೆಯದೆ ನಿಂತಿರುತ್ತವೆ. ನೋಡಲು ಚೆಂದ, ಆದರೆ ಕುಡಿಯಬೇಕಾದರೆ ಚಮಚದಿಂದ ಕಲಕಲೇಬೇಕು. ಅಂತಸ್ತಿನ ಹೆದ್ದಾರಿಯೂ ಹಾಗೆಯೇ. ಮೇಲಿನವನು ಮೇಲೆಯೇ ಹೋಗಿ, ಕೆಳಗಿನವನು ಕೆಳಗೆಯೇ ಉಳಿದರೆ ಪೇಟೆ ಸಾಯುತ್ತದೆ. ಇಳಿಯುವ ದಾರಿ ಸುಲಭವಾಗಿರಬೇಕು, ಬಸ್ಸು ಊರಿನೊಳಗೆ ಬಂದು ನಿಲ್ಲಬೇಕು, ಕೆಳಗೊಂದು ಊರಿದೆ ಎಂದು ಮೇಲೆ ಹೋಗುವವನಿಗೆ ತಿಳಿಯಬೇಕು.

ಇದಕ್ಕೆಲ್ಲ ಹಣ ಎಲ್ಲಿದೆ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಸೌರ ಫಲಕದ ಮಾಡು ಅಗ್ಗದ್ದಲ್ಲ. ಗಾಳಿಮಳೆಗೆ ನಿಲ್ಲುವಂತೆ ಕಟ್ಟುವುದು, ಬೆಂಕಿಯ ಅಪಾಯಕ್ಕೆ ದಾರಿ ಬಿಡುವುದು ಸುಲಭವೂ ಅಲ್ಲ. ಎಲ್ಲವೂ ಒಮ್ಮೆಗೇ ಆಗಬೇಕಾಗಿಲ್ಲ. ಆದರೆ ಇಂಗುಗುಂಡಿ, ಕೊಳವೆಯ ಕಾಲುವೆ, ಕಾಲುದಾರಿ, ದಾಟುವ ಜಾಗ, ಸಂತೆಯ ಕಟ್ಟೆ, ಇವು ರಸ್ತೆಯ ಒಟ್ಟು ವೆಚ್ಚದಲ್ಲಿ ಸಣ್ಣ ಪಾಲು. ಅವುಗಳನ್ನು ನಕ್ಷೆಯಲ್ಲಿ ಮೊದಲೇ ಬರೆದರೆ ಮಾತ್ರ ಸಣ್ಣ ಪಾಲು. ಕಾಂಕ್ರೀಟು ಗಟ್ಟಿಯಾದ ಮೇಲೆ ನೆನಪಾದರೆ ದೊಡ್ಡ ಪಾಲು. ನಕ್ಷೆಯ ತಪ್ಪನ್ನು ರಬ್ಬರಿನಿಂದ ಅಳಿಸಬಹುದು, ಕಂಬದ ತಪ್ಪಿಗೆ ಸಿಡಿಮದ್ದು ಬೇಕು.

ಆದಕಾರಣ, ನಿಮ್ಮ ಊರಿನಲ್ಲಿ ಹೆದ್ದಾರಿಯ ಹೊಸ ನಕ್ಷೆಯನ್ನು ಮೇಜಿನ ಮೇಲೆ ಹಾಸಿದ ದಿನ, ಎಷ್ಟು ಸಾಲು ಎಂದು ಕೇಳಿ ಸುಮ್ಮನಾಗಬೇಡಿ. ಮಳೆಯ ನೀರು ಎಲ್ಲಿಗೆ ಹೋಗುತ್ತದೆ, ಮುದುಕಿಯೊಬ್ಬಳು ಎಲ್ಲಿ ದಾಟುತ್ತಾಳೆ, ಈಗ ಬದಿಯಲ್ಲಿ ಕುಳಿತು ಮಲ್ಲಿಗೆ ಮಾರುವವಳು ನಾಳೆ ಎಲ್ಲಿ ಕುಳಿತುಕೊಳ್ಳುತ್ತಾಳೆ ಎಂದೂ ಕೇಳಿ. ಈ ಮೂರು ಪ್ರಶ್ನೆಗಳಿಗೆ ನಕ್ಷೆಯಲ್ಲಿ ಉತ್ತರವಿದ್ದರೆ ಅದು ಊರಿನ ರಸ್ತೆ. ಇಲ್ಲದಿದ್ದರೆ ಅದು ಊರಿನ ಮೇಲೆ ಹಾದುಹೋಗುವ ಬೇರೆ ಯಾರದೋ ರಸ್ತೆ.

ಬಂಟ್ವಾಳದಿಂದ ಹೊಳೆಯ ದಾರಿ ಕೈಬಿಟ್ಟುಹೋದಾಗ ಯಾರನ್ನೂ ಕೇಳಲಿಲ್ಲ. ಕೇಳುವ ಕ್ರಮವೂ ಆಗ ಇರಲಿಲ್ಲ. ಬಿ.ಸಿ.ರೋಡಿನ ಸರದಿ ಬಂದಾಗ ಊರಿಗೆ ತನ್ನ ಹೆಸರಿನಲ್ಲಿರುವ ರಸ್ತೆಯ ಮೇಲೆ ಒಂದು ಮಾತಿನ ಹಕ್ಕಾದರೂ ಇರಲಿ.